ಮೆಸ್ಸಿನಲ್ಲಿ ನಡೆದ ಒಂದು ಕೊಲೆ

2020ನೆಯ ಇಸವಿಯ ಮಾರ್ಚ್ ಕೊನೆಯಲ್ಲಿ ಇಡೀ ದೇಶವೇ ಬಾಗಿಲು ಹಾಕಿಕೊಂಡು ಕುಳಿತಾಗ ದೂರದರ್ಶನದವರು ತಮ್ಮ ಹಳೆಯ ಪೆಟ್ಟಿಗೆಯನ್ನು ತೆರೆದದ್ದು ಓದುಗರಿಗೆ ನೆನಪಿರಬಹುದು. ರಾಮಾಯಣ, ಮಹಾಭಾರತಗಳ ಜೊತೆಗೆ ‘ವ್ಯೋಮಕೇಶ ಬಕ್ಷಿ’ ಎಂಬ ಪತ್ತೇದಾರಿ ಧಾರಾವಾಹಿಯೂ ಆಗ ಮತ್ತೆ ಬಂತು. ಕಚೇರಿಯಿಲ್ಲ, ಲೋಕಲ್ ಗಾಡಿಯ ನೂಕುನುಗ್ಗಲಿಲ್ಲ. ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನೋಡಿದೆವು. ಮೊದಲ ಕಂತು ಅರ್ಧಕ್ಕೆ ಬರುವಷ್ಟರಲ್ಲಿ ನಮ್ಮ ಮಗಳು ಒಂದು ಪ್ರಶ್ನೆ ಕೇಳಿದಳು: “ಅಪ್ಪಾ, ಇವರೆಲ್ಲ ಒಂದೇ ಮನೆಯಲ್ಲಿ ಇದ್ದಾರೆ. ಆದ್ರೆ ಯಾರಿಗೆ ಯಾರೂ ಏನೂ ಆಗಬೇಕಿಲ್ಲ. ಹಾಗಾದ್ರೆ ಇದು ಯಾರ ಮನೆ?”

ಕೊಲೆ ಮಾಡಿದವರು ಯಾರು ಎಂದು ಎಲ್ಲರೂ ಕೇಳುವಾಗ ಅವಳು ಮನೆ ಯಾರದು ಎಂದು ಕೇಳಿದ್ದಳು. ಮುಂಬಯಿಯಲ್ಲೇ ಹುಟ್ಟಿ, ಎರಡು ಕೋಣೆಯ ಸರ್ಕಾರಿ ವಸತಿಯಲ್ಲಿ ಬೆಳೆದ ಮಗುವಿಗೆ ‘ಮೆಸ್ಸು’ ಎಂದರೆ ಏನೆಂದು ಗೊತ್ತಿಲ್ಲ. ಅವಳಿಗೆ ಅಂದು ಕೊಟ್ಟ ಉತ್ತರ ನಮಗೇ ಸಾಲದೆನಿಸಿತು. ಆ ಕಂತಿನ ಹಿಂದಿರುವ ಚರಿತ್ರೆಯನ್ನು ಓದುತ್ತ ಹೋದ ಹಾಗೆ, ಊರು ಬಿಟ್ಟು ಬಂದ ನಮ್ಮಂಥವರಿಗೂ ಆ ಕೊಲೆಯ ಕಥೆಗೂ ಹತ್ತಿರದ ಸಂಬಂಧವಿದೆ ಎನಿಸಿತು. ಅದಕ್ಕಾಗಿಯೇ ಈ ಲೇಖನ.

ಮೊದಲು ಧಾರಾವಾಹಿಯ ವಿಷಯ. ದೂರದರ್ಶನಕ್ಕೆ ಪತ್ತೇದಾರರು ಹೊಸಬರಲ್ಲ. 1985ರಲ್ಲೇ ಪಂಕಜ್ ಪರಾಶರ್ ನಿರ್ದೇಶಿಸಿದ ‘ಕರಮ್‌ಚಂದ್’ ಬಂದಿತ್ತು. ಅದರಲ್ಲಿ ಪಂಕಜ್ ಕಪೂರ್ ಗಜ್ಜರಿ ಕಡಿಯುತ್ತ ಕೊಲೆಗಾರರನ್ನು ಹಿಡಿಯುತ್ತಿದ್ದರು. ‘ವ್ಯೋಮಕೇಶ ಬಕ್ಷಿ’ ಬಂದದ್ದು 1993ರಲ್ಲಿ. ಮುಂದುವರಿದ ಭಾಗ 1997ರಲ್ಲಿ. ನಿರ್ದೇಶಕರು ‘ರಜನೀಗಂಧಾ’ ಖ್ಯಾತಿಯ ಬಾಸು ಚಟರ್ಜಿ. ವ್ಯೋಮಕೇಶನಾಗಿ ರಜಿತ್ ಕಪೂರ್, ಅವನ ಗೆಳೆಯನೂ ಕಥೆ ಹೇಳುವವನೂ ಆದ ಅಜಿತನಾಗಿ ಕೆ. ಕೆ. ರೈನಾ. ಪಿಸ್ತೂಲು ಝಳಪಿಸುವುದಿಲ್ಲ, ಮೋಟಾರಿನಲ್ಲಿ ಬೆನ್ನಟ್ಟುವುದಿಲ್ಲ. ಪಂಚೆ ಉಟ್ಟ ಒಬ್ಬ ಮನುಷ್ಯ ಕುಳಿತು ಕೇಳುತ್ತಾನೆ, ನೋಡುತ್ತಾನೆ, ಯೋಚಿಸುತ್ತಾನೆ, ಅಷ್ಟೆ. 

1993ರಲ್ಲಿ ನಾವು ರಾಣೇಬೆನ್ನೂರಿನಲ್ಲಿ ಮಾಧ್ಯಮಿಕ ಶಾಲೆಯ ಹುಡುಗರು. ಪಕ್ಕದ ಮನೆಯ ಟೀವಿಯ ಮುಂದೆ ನೆಲದ ಮೇಲೆ ಕುಳಿತು ನೋಡಿದ್ದೆವು. ಹಿಂದಿ ಅರ್ಧ ತಿಳಿಯುತ್ತಿತ್ತು, ಇನ್ನರ್ಧವನ್ನು ಊಹಿಸುತ್ತಿದ್ದೆವು. ಅಷ್ಟರಲ್ಲಾಗಲೇ ಬಾಡಿಗೆ ಪುಸ್ತಕದಂಗಡಿಯಿಂದ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ತಂದು ಪಠ್ಯಪುಸ್ತಕದ ನಡುವೆ ಇಟ್ಟು ಓದಿದವರು ನಾವು. ಐನೂರಕ್ಕೂ ಹೆಚ್ಚು ಕಾದಂಬರಿ ಬರೆದ ಆ ಮಹನೀಯರ ‘ಪತ್ತೇದಾರ ಪುರುಷೋತ್ತಮ’ನನ್ನು ಬಲ್ಲವರಿಗೆ ವ್ಯೋಮಕೇಶ ಅಪರಿಚಿತನೆನಿಸಲಿಲ್ಲ.

ಈಗ ಕಥೆ. ನೋಡದವರ ಕ್ಷಮೆ ಕೇಳಿ ಗುಟ್ಟನ್ನು ಒಡೆಯುತ್ತಿದ್ದೇವೆ. ಮೊದಲ ಕಂತಿನ ಹೆಸರು ‘ಸತ್ಯಾನ್ವೇಷಿ’. ಬ್ರಿಟಿಷರ ಕಾಲದ ಕಲ್ಕತ್ತ. ನಗರದ ನಡುಭಾಗದ ಒಂದು ಬಡಾವಣೆಯಲ್ಲಿ ಒಂದರ ಹಿಂದೆ ಒಂದು ಕೊಲೆಯಾಗುತ್ತಿದೆ. ಕೊಕೇನಿನ ಕಳ್ಳವ್ಯಾಪಾರವೂ ನಡೆಯುತ್ತಿದೆ ಎಂಬ ಗುಮಾನಿ. ಅಲ್ಲೇ ಒಂದು ಮೆಸ್ಸು. ಅದನ್ನು ನಡೆಸುವವರು ಅನುಕೂಲಬಾಬು ಎಂಬ ಹೋಮಿಯೋಪತಿ ವೈದ್ಯರು. ಶಾಂತ ಸ್ವಭಾವ, ಬಡವರಿಗೆ ಔಷಧಿ ಕೊಡುವವರು, ಎಲ್ಲರಿಗೂ ಬೇಕಾದವರು. ಬರಹಗಾರನಾಗಬೇಕೆಂದಿರುವ ಅಜಿತ ಅಲ್ಲಿಯ ವಾಸಿ. ಒಂದು ದಿನ ಅತುಲಚಂದ್ರ ಮಿತ್ರ ಎಂಬ ತರುಣ ಬಂದು, ಕೆಲಸ ಹುಡುಕುತ್ತ ಊರಿಗೆ ಬಂದಿದ್ದೇನೆ, ಇರಲು ಜಾಗ ಬೇಕು ಎನ್ನುತ್ತಾನೆ. ಖಾಲಿ ಕೋಣೆಯಿಲ್ಲ. ಪಾಪ ಎನಿಸಿ ಅಜಿತ ತನ್ನ ಕೋಣೆಯಲ್ಲೇ ಜಾಗ ಕೊಡುತ್ತಾನೆ. ಸ್ವಲ್ಪ ದಿನದಲ್ಲೇ ಅದೇ ಮೆಸ್ಸಿನ ಅಶ್ವಿನಿಬಾಬು ಎಂಬವರು ತಮ್ಮ ಕೋಣೆಯಲ್ಲಿ ಕೊಲೆಯಾಗಿ ಬಿದ್ದಿರುತ್ತಾರೆ.

ಪೊಲೀಸರು ಬರುತ್ತಾರೆ. ಅನುಮಾನ ಯಾರ ಮೇಲೆ? ಹೊಸದಾಗಿ ಬಂದವನ ಮೇಲೆ. ಊರು ಗೊತ್ತಿಲ್ಲ, ಕುಲ ಗೊತ್ತಿಲ್ಲ, ಉದ್ಯೋಗವಿಲ್ಲ. ನಿಜಕ್ಕೂ ಅವನು ಹೇಳಿದ ಹೆಸರೂ ಸುಳ್ಳು. ಆದರೆ ಕೊಲೆಗಾರ ಅವನಲ್ಲ. ಅವನೇ ವೇಷ ಮರೆಸಿಕೊಂಡು ಬಂದ ವ್ಯೋಮಕೇಶ. ಕೊಲೆಗಾರರು ಎಲ್ಲರೂ ಕೈಮುಗಿಯುತ್ತಿದ್ದ ಡಾಕ್ಟರರು. ಹೋಮಿಯೋಪತಿ ಔಷಧಿಯ ಮರೆಯಲ್ಲಿ ಕೊಕೇನು ಮಾರುತ್ತಿದ್ದವರು ಅವರೇ. ಗುಟ್ಟು ತಿಳಿದವರನ್ನು ಮುಗಿಸುವುದು ಅವರ ಕ್ರಮ. ಕೊನೆಗೆ ಒಂದು ರಾತ್ರಿ, ಮಲಗಿದವರನ್ನು ಕೊಲ್ಲಲು ಬಂದಾಗ ಕೈಯಲ್ಲಿ ಆಯುಧವಿದ್ದ ಹಾಗೆಯೇ ಸಿಕ್ಕಿಬೀಳುತ್ತಾರೆ.

ವ್ಯೋಮಕೇಶನಿಗೆ ‘ಡಿಟೆಕ್ಟಿವ್’ ಎಂಬ ಮಾತು ಹಿಡಿಸದು. ತನ್ನ ಬಾಗಿಲ ಹಲಗೆಯ ಮೇಲೆ ಅವನು ಬರೆಸಿಕೊಂಡದ್ದು ‘ಸತ್ಯಾನ್ವೇಷಿ’ ಎಂದು, ಸತ್ಯವನ್ನು ಹುಡುಕುವವನು ಎಂದು. ಕಳ್ಳನನ್ನು ಹುಡುಕುವುದಕ್ಕೂ ಸತ್ಯವನ್ನು ಹುಡುಕುವುದಕ್ಕೂ ವ್ಯತ್ಯಾಸವಿದೆ. ಕಳ್ಳನನ್ನು ಹುಡುಕಹೊರಟವನಿಗೆ ಯಾರಾದರೊಬ್ಬ ಸಿಕ್ಕರೆ ಸಾಕಾಗಿಬಿಡುವ ಅಪಾಯವುಂಟು.

ಈ ಕಥೆಯನ್ನು ಬರೆದ ಶರದಿಂದು ಬಂದ್ಯೋಪಾಧ್ಯಾಯರ ಜೀವನವನ್ನು ನೋಡಿದರೆ ಅವರೂ ಒಂದರ್ಥದಲ್ಲಿ ನಮ್ಮವರೇ. ಹುಟ್ಟಿದ್ದು 1899ರಲ್ಲಿ, ಬಂಗಾಳದಲ್ಲಲ್ಲ, ಉತ್ತರಪ್ರದೇಶದ ಜೌನಪುರದಲ್ಲಿ. ಬೆಳೆದದ್ದು ಬಿಹಾರದ ಮುಂಗೇರಿನಲ್ಲಿ. ತಂದೆ ಅಲ್ಲಿ ವಕೀಲರು. ಓದಲು ಕಲ್ಕತ್ತೆಗೆ ಹೋದಾಗ ಹ್ಯಾರಿಸನ್ ರಸ್ತೆಯ ಮೆಸ್ಸಿನಲ್ಲಿ ವಾಸ. ಕಥೆಯಲ್ಲಿ ವ್ಯೋಮಕೇಶನ ಮನೆಯೂ ಅದೇ ಹ್ಯಾರಿಸನ್ ರಸ್ತೆಯಲ್ಲಿದೆ; ಈಗ ಅದು ಮಹಾತ್ಮಾ ಗಾಂಧಿ ರಸ್ತೆ. ವ್ಯೋಮಕೇಶನ ಕಥೆಗಳು 1932ರಲ್ಲಿ ಆರಂಭವಾದವು. 1938ರಲ್ಲಿ ಶರದಿಂದು ಮುಂಬಯಿಗೆ ಬಂದರು. ಮಲಾಡಿನಲ್ಲಿದ್ದ ಬಾಂಬೆ ಟಾಕೀಸ್ ಸಂಸ್ಥೆಗೆ ಚಿತ್ರಕಥೆ ಬರೆಯುವ ಕೆಲಸ. ಚಿತ್ರರಂಗ ಸಾಕೆನಿಸಿದ ಮೇಲೆ 1952ರಲ್ಲಿ ಪುಣೆಗೆ ಹೋಗಿ ನೆಲೆಸಿದರು. 1970ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಕುಳಿತು ಕಲ್ಕತ್ತೆಯ ಕಥೆ ಬರೆದರು. ನಡುವೆ ಹದಿನೈದು ವರ್ಷ ಬಿಟ್ಟಿದ್ದ ವ್ಯೋಮಕೇಶನನ್ನು ಮತ್ತೆ ಕೈಗೆತ್ತಿಕೊಂಡದ್ದೂ ಈ ಪ್ರಾಂತದಲ್ಲಿದ್ದಾಗಲೇ. ಪುಣೆಯಲ್ಲಿ ಕುಳಿತು ಕಲ್ಕತ್ತೆಯ ಗಲ್ಲಿಗಳನ್ನು ನೆನೆಯುವ ಬಂಗಾಳಿಗೂ ಮುಂಬಯಿಯಲ್ಲಿ ಕುಳಿತು ಊರಿನ ಕೆರೆದಂಡೆಯನ್ನು ನೆನೆಯುವ ಕನ್ನಡಿಗನಿಗೂ ಎಷ್ಟು ದೂರ?

ಇನ್ನು ಮೆಸ್ಸಿನ ಮಾತು. ಹಳ್ಳಿ, ಜಿಲ್ಲೆಗಳಿಂದ ಗುಮಾಸ್ತೆಗಿರಿಗೋ ಓದಿಗೋ ಕಲ್ಕತ್ತೆಗೆ ಬಂದ ಗಂಡಸರು ನಾಲ್ಕಾರು ಮಂದಿ ಸೇರಿ ಒಂದು ಮನೆ ಹಿಡಿದು, ಅಡಿಗೆಯವನನ್ನಿಟ್ಟು, ತಿಂಗಳ ಕೊನೆಗೆ ಲೆಕ್ಕ ಹಂಚಿಕೊಳ್ಳುತ್ತಿದ್ದ ವ್ಯವಸ್ಥೆ ಅದು. ಹೆಂಡತಿ ಮಕ್ಕಳು ಊರಲ್ಲಿ. ಸಂಬಳದ ದಿನ ಮನಿಯಾರ್ಡರು. ಮುಂಬಯಿಗೆ ಬಂದ ನಮ್ಮ ಹಿಂದಿನ ತಲೆಮಾರಿನವರು ಕಳೆದದ್ದೂ ಇದೇ ಬಾಳನ್ನು. ಚಾಳಿನ ಒಂದು ಖೋಲಿ, ಗೋಡೆಗೆ ಸಾಲಾಗಿ ಟ್ರಂಕುಗಳು, ಪಾಳಿಯ ಮೇಲೆ ನಿದ್ದೆ. ಮೆಸ್ಸಿನ ಮನೆ ಯಾರದ್ದೂ ಅಲ್ಲ. ಅಲ್ಲಿರುವವರು ಪರಸ್ಪರ ಇಟ್ಟ ನಂಬಿಕೆಯೇ ಅದರ ನಾಲ್ಕು ಗೋಡೆ. ಊರಿನಲ್ಲಾದರೆ ‘ಇವ ಇಂಥವರ ಮಗ’ ಎಂದರೆ ಮುಗಿಯಿತು. ಶಹರದಲ್ಲಿ ಒಬ್ಬ ತಾನು ಇಂಥವನೆಂದು ಹೇಳಿದರೆ ಅದೇ ಅವನ ಜಾತಕ.

ಹೀಗಾಗಿ, ಅಪರಿಚಿತರು ಕಿಕ್ಕಿರಿದ ಊರಿನಲ್ಲಿ ಯಾರು ಯಾರು ಎಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆ ಸರ್ಕಾರಕ್ಕೂ ಎದುರಾಯಿತು. ಇದಕ್ಕೆ ಉತ್ತರ ಹುಡುಕಿದ ಊರುಗಳಲ್ಲಿ ಕಲ್ಕತ್ತ ಮುಂಚೂಣಿಯದು. 1868ರಲ್ಲಿ ಅಲ್ಲಿಯ ಆಮ್‌ಹರ್ಸ್ಟ್ ಬೀದಿಯಲ್ಲಿ ಒಬ್ಬ ಹೆಂಗಸಿನ ಕೊಲೆಯಾಗಿ ದೊಡ್ಡ ಗದ್ದಲವಾಯಿತು. ಅದೇ ವರ್ಷ ಪೊಲೀಸ್ ಕಮಿಷನರ್ ಸ್ಟುವರ್ಟ್ ಹಾಗ್ ಅಲ್ಲಿ ಪತ್ತೇದಾರಿ ಇಲಾಖೆಯೊಂದನ್ನು ಸ್ಥಾಪಿಸಿದರು. ಲಂಡನ್ನಿನಲ್ಲಿ 1842ರಲ್ಲೇ ಪತ್ತೇದಾರರ ಚಿಕ್ಕ ಶಾಖೆಯೊಂದು ಇತ್ತಾದರೂ ಸಿ.ಐ.ಡಿ. ಎಂದು ಹೆಸರಾದ ಇಲಾಖೆ ಬಂದದ್ದು 1878ರಲ್ಲಿ. ಕಲ್ಕತ್ತ ಇಲಾಖೆಯಲ್ಲಿ ದುಡಿದ ಪ್ರಿಯನಾಥ ಮುಖೋಪಾಧ್ಯಾಯ ಎಂಬ ದಾರೋಗ ತಮ್ಮ ಅನುಭವಗಳನ್ನು 1892ರಿಂದ ‘ದಾರೋಗಾರ್ ದಫ್ತರ್’ ಎಂಬ ಹೆಸರಿನಲ್ಲಿ ಬರೆದು ಪ್ರಕಟಿಸತೊಡಗಿದರು. ಬಂಗಾಳಿ ಪತ್ತೇದಾರಿ ಕಥೆಯ ಬೇರು ಹೀಗೆ ಕಚೇರಿಯ ಕಡತದಲ್ಲಿದೆ ಎಂಬುದು ನಮ್ಮಂಥ ಗುಮಾಸ್ತರಿಗೆ ಹೆಮ್ಮೆಯ ಮಾತು.

ಅದಕ್ಕಿಂತ ದೊಡ್ಡ ಹೆಮ್ಮೆಯ ಮಾತು ಇನ್ನೊಂದಿದೆ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ, ರಸ್ತೆಗೆ ಸಾಮಗ್ರಿ ಒದಗಿಸುವ ಕೋನಾಯಿ ಎಂಬ ಗುತ್ತಿಗೆದಾರನ ಅಂಗೈಯ ಅಚ್ಚನ್ನು ಕರಾರುಪತ್ರದ ಮೇಲೆ ಒತ್ತಿಸಿಕೊಂಡ. 1877ರಲ್ಲಿ ಹೂಗ್ಲಿಯಲ್ಲಿದ್ದಾಗ ಪಿಂಚಣಿದಾರರಿಂದಲೂ ಬೆರಳಚ್ಚು ಪಡೆಯತೊಡಗಿದ. ಸತ್ತವರ ಹೆಸರಿನಲ್ಲಿ ಯಾರೋ ಬಂದು ಪಿಂಚಣಿ ಒಯ್ಯಬಾರದಲ್ಲ! ಇಂದು ನಾವು ಕಚೇರಿಯಲ್ಲಿ ಹಾಜರಿಗಾಗಿ ಯಂತ್ರದ ಮೇಲೆ ಬೆರಳು ಒತ್ತುವುದಕ್ಕೆ ಮೂಲಪುರುಷ ಈತನೇ ಎನ್ನಬೇಕು.

ಆದರೆ ಸಾವಿರಾರು ಬೆರಳಚ್ಚುಗಳನ್ನು ಕೂಡಿಟ್ಟರೆ ಬೇಕಾದದ್ದನ್ನು ಹುಡುಕುವುದು ಹೇಗೆ? ಕಡತ ಹುಡುಕಿ ಗೊತ್ತಿದ್ದವರಿಗೇ ಆ ಕಷ್ಟ ಗೊತ್ತು. ಬಂಗಾಳದ ಪೊಲೀಸ್ ಮುಖ್ಯಸ್ಥ ಎಡ್ವರ್ಡ್ ಹೆನ್ರಿಯ ಕೈಕೆಳಗಿದ್ದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಸಬ್‌ಇನ್‌ಸ್ಪೆಕ್ಟರರು ಇದಕ್ಕೆ ದಾರಿ ಕಂಡುಹಿಡಿದರು. ಗಣಿತ ಬಲ್ಲ ಹಕ್ ಮಾಡಿದ್ದು ಇಷ್ಟು: ಪ್ರತಿ ಬೆರಳಿನಲ್ಲಿ ಸುಳಿ ಇದೆಯೋ ಇಲ್ಲವೋ ಎಂದು ಮಾತ್ರ ಮೊದಲು ನೋಡುವುದು. ಒಂದು ಬೆರಳಿಗೆ ಎರಡು ಸಾಧ್ಯತೆ. ಹತ್ತು ಬೆರಳಿಗೆ ಎರಡನ್ನು ಹತ್ತು ಸಲ ಗುಣಿಸಿದರೆ 1024. ಉದ್ದಕ್ಕೆ 32, ಅಡ್ಡಕ್ಕೆ 32 ಗೂಡುಗಳಿರುವ ಕಪಾಟು ಸಾಕು. ಯಾರದೇ ಬೆರಳಚ್ಚು ಬಂದರೂ ಅದು ಯಾವ ಗೂಡಿನದೆಂದು ಲೆಕ್ಕದಿಂದಲೇ ತಿಳಿಯುತ್ತದೆ. ಬಿ.ಎಸ್ಸಿ.ಯಲ್ಲಿ ಗಣಿತ ಓದಿದ ನಮಗೆ ಇದನ್ನು ತಿಳಿದಾಗ ಕುರ್ಚಿಯಿಂದೆದ್ದು ನಮಸ್ಕರಿಸಬೇಕೆನಿಸಿತು. 1897ರಲ್ಲಿ ಕಲ್ಕತ್ತದಲ್ಲಿ ಜಗತ್ತಿನ ಮೊದಲ ಬೆರಳಚ್ಚು ಕೇಂದ್ರ ತೆರೆಯಿತು. ಪದ್ಧತಿಗೆ ಹೆಸರು ಬಂದದ್ದು ಮಾತ್ರ ‘ಹೆನ್ರಿ ಪದ್ಧತಿ’ ಎಂದು. ಕೈಕೆಳಗಿನವರು ಬರೆದ ಟಿಪ್ಪಣಿಗೆ ಮೇಲಿನವರ ರುಜು ಬೀಳುವುದು ಕಚೇರಿಗಳಲ್ಲಿ ಅಂದೂ ಇತ್ತು!

ಆ ಕೇಂದ್ರಕ್ಕೆ ಬಂದ ಮೊದಮೊದಲ ಪ್ರಕರಣಗಳಲ್ಲಿ ಒಂದನ್ನು ಇಲ್ಲಿ ಹೇಳಲೇಬೇಕು. ಜಲಪಾಯಿಗುರಿ ಜಿಲ್ಲೆಯ ಚಹಾ ತೋಟದ ವ್ಯವಸ್ಥಾಪಕನೊಬ್ಬ ಕತ್ತು ಕೊಯ್ದ ಸ್ಥಿತಿಯಲ್ಲಿ ಸಿಕ್ಕಿದ. ಸಂಶಯ ತೋಟದ ಕೂಲಿಗಳ ಮೇಲೆ ಬಿತ್ತು, ಅಡಿಗೆಯವನ ಮೇಲೆ ಬಿತ್ತು, ಆ ಕಡೆ ತಿರುಗಾಡುತ್ತಿದ್ದ ಕಾಬೂಲಿಗಳ ಮೇಲೂ ಬಿತ್ತು. ಎಲ್ಲರೂ ಬಡವರು, ಇಲ್ಲವೇ ಹೊರಗಿನವರು. ಆದರೆ ಅಲ್ಲಿದ್ದ ಒಂದು ಬಂಗಾಳಿ ಪಂಚಾಂಗದ ಮೇಲೆ ರಕ್ತದ ಬೆರಳ ಗುರುತಿತ್ತು. ಕೇಂದ್ರದ ಕಪಾಟಿನಲ್ಲಿ ಹುಡುಕಿದಾಗ ಅದು, ಹಿಂದೆ ಅದೇ ವ್ಯವಸ್ಥಾಪಕನ ಮನೆಯಲ್ಲಿ ಕೆಲಸಕ್ಕಿದ್ದು ಕಳವಿಗಾಗಿ ಸೆರೆಗೆ ಹೋಗಿದ್ದ ಒಬ್ಬನ ಬೆರಳಿಗೆ ಹೊಂದಿತು. 1898ರಲ್ಲಿ ನ್ಯಾಯಾಲಯ ಅವನಿಗೆ ಕಳವಿಗಾಗಿ ಶಿಕ್ಷೆ ಕೊಟ್ಟಿತು. ಕೊಲೆಯನ್ನು ಕಣ್ಣಾರೆ ಕಂಡವರಿಲ್ಲವೆಂದು ಆ ಆರೋಪದಿಂದ ಬಿಟ್ಟಿತು.

ಇದನ್ನು ಓದುವವರೆಲ್ಲ ಒಬ್ಬ ಅಪರಾಧಿ ಸಿಕ್ಕ ಬಗೆಯನ್ನು ಮೆಚ್ಚುತ್ತಾರೆ. ನಮಗೆ ದೊಡ್ಡದೆನಿಸಿದ್ದು ಬೇರೆ. ಆ ಒಂದು ಗುರುತಿನಿಂದ ಎಷ್ಟು ಜನ ಕೂಲಿಗಳು, ಎಷ್ಟು ಜನ ಪರಸ್ಥಳದವರು ಸಂಶಯದಿಂದ ಪಾರಾದರು! ಸಾಕ್ಷ್ಯದ ಮೊದಲ ಉಪಕಾರ ನಿರಪರಾಧಿಗೆ. ವ್ಯೋಮಕೇಶನ ಮೊದಲ ಕಂತು ಹೇಳುವುದೂ ಇದನ್ನೇ: ಹೊಸಬನೆಂಬುದು ಸಾಕ್ಷ್ಯವಲ್ಲ, ಹಳಬನೆಂಬುದು ಜಾಮೀನೂ ಅಲ್ಲ. 

ಇಷ್ಟು ಬರೆದ ಮೇಲೆ ನಮ್ಮ ಮೆಸ್ಸಿನ ಒಂದು ಸಂಗತಿಯನ್ನು ಬಚ್ಚಿಟ್ಟರೆ ಅದು ಅಪ್ರಾಮಾಣಿಕತೆಯಾದೀತು. ನಾವು 2004ರಲ್ಲಿ ನೌಕರಿ ಸಿಕ್ಕಿ ಮುಂಬಯಿಗೆ ಬಂದಾಗ ಪೂರ್ವದ ಉಪನಗರವೊಂದರ ಚಾಳಿನಲ್ಲಿ ಏಳು ಜನ ಕನ್ನಡಿಗರ ಮೆಸ್ಸಿಗೆ ಸೇರಿದೆವು. ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದವರು ಒಬ್ಬ ಹಿರಿಯರು. ಎಲ್ಲರಿಗೂ ಅವರು ‘ಕಾಕಾ’. ಜ್ವರ ಬಂದರೆ ಗಂಜಿ ಮಾಡಿಕೊಡುವವರು, ಹಬ್ಬಕ್ಕೆ ಹೋಳಿಗೆ ಮಾಡಿಸುವವರು. 2006ರಲ್ಲಿ ಬೀದರ ಕಡೆಯ ಒಬ್ಬ ಹುಡುಗ ಬಂದು ಸೇರಿದ. ಕೊರಿಯರ್ ಕಚೇರಿಯಲ್ಲಿ ಕೆಲಸ. ಅವನ ಕನ್ನಡದಲ್ಲಿ ಉರ್ದು, ಮರಾಠಿ ಬೆರೆತಿದ್ದವು. ನಾವು ಅದನ್ನು ಅಣಕಿಸಿ ನಗುತ್ತಿದ್ದೆವು. ಅವನು ಬಂದ ಮೂರನೆಯ ವಾರ ಒಬ್ಬರ ಟ್ರಂಕಿನಿಂದ 4200 ರೂಪಾಯಿ ಕಾಣೆಯಾಯಿತು, ತಂಗಿಯ ಮದುವೆಗೆಂದು ಕೂಡಿಟ್ಟ ಹಣ.

“ನಾ ಏನೂ ಅನ್ನೂದಿಲ್ಲಪ್ಪ. ಆದ್ರ ಇಲ್ಲೀತನಕ ಈ ಮನ್ಯಾಗ ಹಿಂಗ ಆಗಿದ್ದಿಲ್ಲ,” ಎಂದರು ಕಾಕಾ. ಅಷ್ಟು ಸಾಕಾಯಿತು. ಅವನ ಚೀಲ ಬಿಚ್ಚಿಸಿದೆವು. ಎರಡು ಜೊತೆ ಬಟ್ಟೆ, ತಾಯಿಯ ಒಂದು ಫೋಟೋ. ಹಣ ಸಿಗಲಿಲ್ಲ, ಹೊರಗೆಲ್ಲೋ ದಾಟಿಸಿದ್ದಾನೆ ಎಂದುಕೊಂಡೆವು. ಅವನು ಅಳಲಿಲ್ಲ, ಜಗಳವಾಡಲಿಲ್ಲ. ಎರಡನೆಯ ದಿನ, ಉಂಡ ದಿನಗಳ ಹಣವನ್ನು ಎಣಿಸಿ ಕಾಕಾ ಅವರ ಕೈಗಿಟ್ಟು, ಚೀಲ ಹೆಗಲಿಗೇರಿಸಿಕೊಂಡು ಹೋದ. ಎಲ್ಲಿಗೆಂದು ನಾವು ಕೇಳಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಕಿರಾಣಿ ಅಂಗಡಿಯವನು ಬಾಗಿಲಿಗೆ ಬಂದ. ಮೂರು ತಿಂಗಳ ಬಾಕಿಯಂತೆ. ನಾವು ಪ್ರತಿ ತಿಂಗಳೂ ಕೊಟ್ಟ ಹಣ ಎಲ್ಲಿ ಹೋಯಿತೆಂದು ಲೆಕ್ಕದ ವಹಿ ತೆಗೆದಾಗ ಕಾಕಾ ತಲೆ ತಗ್ಗಿಸಿದರು. ಊರಲ್ಲಿ ಮಗನ ಸಾಲ. ಟ್ರಂಕಿನ ಹಣ ತೆಗೆದದ್ದೂ ತಾವೇ ಎಂದು ಅವರೇ ಒಪ್ಪಿಕೊಂಡರು. ಆ ಟ್ರಂಕಿನ ಬೀಗ ಒಡೆದಿರಲಿಲ್ಲ. ಹಗಲು ಹೊತ್ತು ಖೋಲಿಯಲ್ಲಿ ಇರುತ್ತಿದ್ದವರು ಅವರೊಬ್ಬರೇ. ಆ ಹುಡುಗ ಬೆಳಿಗ್ಗೆ ಎಂಟಕ್ಕೆ ಹೋದರೆ ರಾತ್ರಿ ಹತ್ತಕ್ಕೆ ಬರುತ್ತಿದ್ದ. ಇಷ್ಟನ್ನು ಕೂಡಿ ಕಳೆದು ನೋಡಲು ವ್ಯೋಮಕೇಶನೇ ಬೇಕಿರಲಿಲ್ಲ. ಪುರುಷೋತ್ತಮನ ಕಾದಂಬರಿ ಓದಿ ಬೆಳೆದ, ಬಿ.ಎಸ್ಸಿ. ಪಾಸಾದ ಒಬ್ಬ ಸರ್ಕಾರಿ ಗುಮಾಸ್ತ ಸಾಕಿತ್ತು. ಆ ಗುಮಾಸ್ತ ಅಲ್ಲೇ ಇದ್ದ, ಸುಮ್ಮನಿದ್ದ.

ಕಾಕಾ ಅವರನ್ನು ನಾವು ಕ್ಷಮಿಸಿದೆವು. ವಯಸ್ಸಾದವರು, ನಮ್ಮವರು, ಕಷ್ಟದಲ್ಲಿದ್ದಾರೆ ಎಂದು ಮಾತಾಡಿಕೊಂಡೆವು. ಅದು ತಪ್ಪೆಂದು ಈಗಲೂ ಹೇಳಲಾರೆವು. ಆದರೆ ಆ ಹುಡುಗನನ್ನು ಹುಡುಕಿಕೊಂಡು ಹೋಗಬೇಕೆಂದು ನಮ್ಮಲ್ಲಿ ಒಬ್ಬರಿಗೂ ತೋಚಲಿಲ್ಲ. ಕೆಲವು ದಿನಗಳ ಮೇಲೆ ನಮ್ಮಲ್ಲೊಬ್ಬರು ಅವನ ಕೊರಿಯರ್ ಕಚೇರಿಗೆ ಫೋನು ಮಾಡಿದರು. ಅವನು ಅಲ್ಲಿಂದಲೂ ಬಿಟ್ಟು ಹೋಗಿದ್ದ.

ಬಾಸು ಚಟರ್ಜಿಯವರು ‘ವ್ಯೋಮಕೇಶ’ನಿಗಿಂತ ಮುಂಚೆ, 1986ರಲ್ಲಿ, ‘ಏಕ್ ರುಕಾ ಹುವಾ ಫೈಸ್ಲಾ’ ಎಂಬ ಚಿತ್ರ ಮಾಡಿದ್ದರು. ಒಂದು ಅಮೆರಿಕನ್ ಚಿತ್ರದ ಕಥೆಯನ್ನು ಆಧರಿಸಿದ್ದು. ಹನ್ನೆರಡು ಜನ ಒಂದು ಕೋಣೆಯಲ್ಲಿ ಕುಳಿತು, ಕೊಲೆಯ ಆರೋಪ ಹೊತ್ತ ಒಬ್ಬ ಹುಡುಗ ಅಪರಾಧಿಯೇ ಅಲ್ಲವೇ ಎಂದು ತೀರ್ಮಾನಿಸಬೇಕು. ಹನ್ನೊಂದು ಜನ ತಕ್ಷಣ ‘ಹೌದು’ ಎನ್ನುತ್ತಾರೆ. ಒಬ್ಬನೇ ಒಬ್ಬ, ಸ್ವಲ್ಪ ತಾಳಿ, ಮಾತಾಡೋಣ ಎನ್ನುತ್ತಾನೆ. ಆ ಒಬ್ಬನಾಗಿ ನಟಿಸಿದವರು ಮುಂದೆ ವ್ಯೋಮಕೇಶನ ಅಜಿತನಾದ ಅದೇ ಕೆ. ಕೆ. ರೈನಾ. ನಮ್ಮ ಖೋಲಿಯಲ್ಲಿ ಅಂದು ಹಾಗೆ ಹೇಳುವ ಒಬ್ಬರೂ ಇರಲಿಲ್ಲ. ಧಾರಾವಾಹಿ ಮರುಪ್ರಸಾರವಾದ ಆ ವರ್ಷವೇ, 2020ರ ಜೂನ್ 4ರಂದು, ಬಾಸು ಚಟರ್ಜಿ ಮುಂಬಯಿಯಲ್ಲಿ ತೀರಿಕೊಂಡರು. ಸುದ್ದಿ ಕೇಳಿ ನಮ್ಮ ಮನೆಯಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ.

ಮಗಳ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಮೆಸ್ಸಿನ ಮನೆ, ಕೊನೆಯಲ್ಲಿ ಬಂದವನಿಗೂ ಮೊದಲು ಬಂದವನಷ್ಟೇ ಸೇರಿದ್ದು. ಹಾಗಿಲ್ಲದಿದ್ದರೆ ಅದು ಮನೆಯಲ್ಲ. ನಮ್ಮ ಸಂಘಕ್ಕೂ ಇದೇ ಮಾತು ಸಲ್ಲುತ್ತದೆ. ಪ್ರತಿ ವರ್ಷ ಊರಿನಿಂದ ಹೊಸ ಹುಡುಗರು, ಈಗ ಹುಡುಗಿಯರೂ, ಈ ಶಹರಕ್ಕೆ ಬರುತ್ತಾರೆ. ಕೆಲವರ ಕನ್ನಡ ನಮ್ಮ ಕನ್ನಡದಂತೆ ಇರುವುದಿಲ್ಲ. ಅವರ ಮೇಲೆ ಏನಾದರೂ ಮಾತು ಬಂದಾಗ, ಸ್ವಲ್ಪ ತಾಳಿ, ವಿಚಾರಿಸೋಣ ಎಂದು ಹೇಳುವ ಒಬ್ಬರಾದರೂ ನಮ್ಮ ನಡುವೆ ಇರಬೇಕು.

ಬೀದರದ ಆ ಗೆಳೆಯ ಈಗ ಎಲ್ಲಿದ್ದಾನೋ ತಿಳಿಯದು. ಅವನಿಗೂ ನಲವತ್ತು ದಾಟಿರಬೇಕು. ಈ ಪತ್ರಿಕೆ ಹೇಗೋ ಅವನ ಕೈಗೆ ಬಂದರೆ, ಆ ಖೋಲಿಯ ಏಳು ಜನರಲ್ಲಿ ಒಬ್ಬರಾಗಿ ನಾವು ಅವನ ಕ್ಷಮೆ ಕೇಳುತ್ತೇವೆ.